ಐದನೆಯವರು

“ಐದು ಜನ ಆಗ್ಬೇಕಜ್ಜಿ. ಆಗದೆ ನಾನು ಬಾಟ್ಲಿ ಓಪನ್ ಮಾಡಂಗಿಲ್ಲ,” ಎಂದು ಗಂಗಾಶ್ರೀ ಸಿಸ್ಟರ್ ಮೂರನೇ ಸಲ ಹೇಳಿದಾಗ ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಮಾಸ್ತಮ್ಮ ಮೊಮ್ಮಗಳು ಶರಣ್ಯಳನ್ನು ಎತ್ತಿಕೊಂಡು ಬಸವನಹೊಂಡದ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಬೆಳಿಗ್ಗೆ ಎಂಟೂವರೆಗೆ. ಆರು ವರ್ಷದ ಹುಡುಗಿಯ ಮೀನಖಂಡದಲ್ಲಿ ನಾಯಿಯ ಹಲ್ಲು ಇಳಿದಿದ್ದವು. ಕೋಳಿ ಅಂಗಡಿಯ ಕಸ ತಿಂದು ಕೊಬ್ಬಿದ ನಾಯಿ. ಪಂಚಾಯ್ತಿಯವರು ಅದನ್ನು ಹಿಡಿಸುತ್ತೇವೆ, ಹಿಡಿಸುತ್ತೇವೆ ಅನ್ನುತ್ತಲೇ ಎರಡು ವರ್ಷ ಕಳೆದಿದ್ದರು. ಗಂಗಾಶ್ರೀ ಸೋಪು ಹಾಕಿ ಗಾಯ ತೊಳೆದುಕೊಟ್ಟಿದ್ದಳು, ಅಷ್ಟೇ.

ನಿಯಮ ಹೀಗಿತ್ತು. ನಾಯಿ ಕಡಿತದ ಚುಚ್ಚುಮದ್ದು ಒಂದು ಬಾಟ್ಲಿ ಐದು ಜನಕ್ಕಾಗುತ್ತದೆ. ಮುಚ್ಚಳ ಕಿತ್ತರೆ ಅವತ್ತೇ ಮುಗಿಯಬೇಕು, ಉಳಿದದ್ದು ದಂಡ. ಹೋದ ತಿಂಗಳು ಇಬ್ಬರಿಗೆಂದು ಬಾಟ್ಲಿ ತೆಗೆದ ತಪ್ಪಿಗೆ ಗಂಗಾಶ್ರೀಗೆ ಮೇಲಿನವರಿಂದ ನೋಟಿಸು ಬಂದಿತ್ತು. ಹಾಗಾಗಿ ನಾಯಿ ಕಚ್ಚಿಸಿಕೊಂಡವರು ಐದು ಜನ ಕೂಡುವವರೆಗೂ ಬಾಗಿಲ ಹೊರಗೆ ಕೂತಿರಬೇಕು. ಮದುವೆ ಮನೆಯಲ್ಲಿ ಪಂಕ್ತಿ ತುಂಬಲಿ, ಆಮೇಲೆ ಬಡಿಸೋಣ ಅಂದ ಹಾಗೆ.

ಮಧ್ಯಾಹ್ನದ ಹೊತ್ತಿಗೆ ನಾಲ್ವರಾದರು: ಶರಣ್ಯ, ಅಂಜನಾಪುರದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕ, ಗಾರೆ ಕೆಲಸದವನೊಬ್ಬ, ಅವನ ಹೆಂಡತಿ. ಅಲ್ಲಿಗೆ ನಿಂತಿತು. ಯಾರು ಒಳಗೆ ಬಂದರೂ ಎಲ್ಲರ ಕಣ್ಣು ಮೊದಲು ಅವರ ಕಾಲಿನ ಮೇಲೆ. ಕುಂಟುತ್ತಾ ಬಂದವನೊಬ್ಬನನ್ನು ಕಂಡು ಮಾಸ್ತಮ್ಮನ ಮುಖ ಅರಳಿತು. ವಿಚಾರಿಸಿದರೆ ಅವನಿಗೆ ಚುಚ್ಚಿದ್ದು ಮುಳ್ಳು. ಛೀ, ಇನ್ನೊಬ್ಬರಿಗೆ ನಾಯಿ ಕಚ್ಚಲಿ ಅಂತ ಬಯಸುವ ಹಾಗೆ ಮಾಡಿಬಿಟ್ಟರಲ್ಲ ಇವರು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನಾಲ್ಕು ಗಂಟೆಗೆ ರೂಮಿಗೆ ಬೀಗ,” ಎಂದಳು ಗಂಗಾಶ್ರೀ. “ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ. ಸೋಮವಾರ ಬನ್ನಿ. ಇಲ್ಲಾಂದ್ರೆ ಶಿಕಾರಿಪುರಕ್ಕೋ ಸೊರಬಕ್ಕೋ ಹೋಗಿ.”

“ಅದನ್ನ ಬೆಳಗ್ಗೆ ಹೇಳಿದ್ರೆ ಹೋಗ್ತಿರ್ಲಿಲ್ವೇನ್ರಿ? ಈಗಿರೋದು ಐದೂವರೆ ಬಸ್ಸು. ಕತ್ತಲಾದ್ಮೇಲೆ ಮಗೀನ ಕಟ್ಕಂಡು ಯಾರ ಬಾಗ್ಲು ತಟ್ಲಿ?” ಮಾಸ್ತಮ್ಮನಿಗೆ ಮುಂದಿನ ಹಲ್ಲೊಂದಿಲ್ಲ, ಸಿಟ್ಟಿನಲ್ಲಿ ಮಾತಾಡಿದರೆ ಅರ್ಧ ಮಾತು ಗಾಳಿಗೇ ಹೋಗುತ್ತಿತ್ತು. “ನಿಮ್ಮ ಸಾಹೇಬ್ರ ಮಗಳಿಗೆ ಕಚ್ಚಿದ್ರೂ ಹಿಂಗೇ ಐದು ಎಣಿಸ್ತಿದ್ರಾ?”

“ನನ್ನ ಕೈಲಿ ಏನೈತೆ ಅಜ್ಜಿ? ನಾನು ಕಾಂಟ್ರ್ಯಾಕ್ಟ್‌ನಾಗಿರೋಳು. ಇನ್ನೊಂದು ನೋಟಿಸು ಬಂದ್ರೆ ಕೆಲ್ಸ ಹೋಗುತ್ತೆ. ನಂಗೂ ಮಕ್ಕಳಿದಾವೆ.”

ಶರಣ್ಯ ಅಜ್ಜಿಯ ಸೆರಗು ಎಳೆದು ನೀರು ಕೇಳಿದಳು. ಮಾಸ್ತಮ್ಮ ಚೀಲದಿಂದ ನೀರಿನ ಬಾಟ್ಲಿ ತೆಗೆದುಕೊಟ್ಟು, ಹುಡುಗಿ ಕುಡಿದು ಮುಗಿಸುವವರೆಗೂ ಅವಳ ಗಂಟಲನ್ನೇ ನೋಡುತ್ತ ನಿಂತಳು. ಐವತ್ತು ವರ್ಷದ ಹಿಂದೆ ಮಾಸ್ತಮ್ಮನ ತಮ್ಮನಿಗೂ ನಾಯಿ ಕಚ್ಚಿತ್ತು. ಕೊನೆಯ ಎರಡು ದಿನ ಅವನು ನೀರಿನ ಲೋಟ ಕಂಡರೆ ಚೀರುತ್ತಿದ್ದ. ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದ್ದರು. ಆಗಲೂ ದೊಡ್ಡವರು ಯಾರೋ ನಾಲ್ಕು ದಿನ ನೋಡೋಣ ಅಂದಿದ್ದರು. ಮಾಸ್ತಮ್ಮ ಹುಡುಗಿಯನ್ನು ಗಾರೆಯವನ ಹೆಂಡತಿಯ ಪಕ್ಕ ಕೂರಿಸಿ, ಆಸ್ಪತ್ರೆಯ ಹಿಂದಿನ ನಲ್ಲಿಯ ಕಡೆ ಹೋದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಬಂದು ಎಡಗೈಯನ್ನು ಗಂಗಾಶ್ರೀಯ ಮೇಜಿನ ಮೇಲೆ ಚಾಚಿದಳು. ಮೊಣಕೈಯ ಕೆಳಗೆ ಹಲ್ಲಿನ ಗುರುತು. ಎರಡು ಮೂರು ಕಡೆ ರಕ್ತ ಜಿನುಗುತ್ತಿತ್ತು.

“ಐದನೇದೋಳು ಬಂದೀನಿ. ತೆಗೀರಿ ಬಾಟ್ಲಿ.”

ಗಂಗಾಶ್ರೀ ಆ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ದುಂಡಗೆ ಕೂತ ಗುರುತು. ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ. ತಲೆಯೆತ್ತಿ ಮಾಸ್ತಮ್ಮನ ಬಾಯಿ ನೋಡಿದಳು. ಮಾಸ್ತಮ್ಮ ಬಾಯಿ ಮುಚ್ಚಿಕೊಳ್ಳಲೂ ಹೋಗಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಗಂಗಾಶ್ರೀ ಎದ್ದು ಫ್ರಿಜ್ಜಿನ ಬಾಗಿಲು ತೆಗೆದಳು. ಮೊದಲು ಶರಣ್ಯಳ ತೋಳಿಗೆ ಸೂಜಿ ಚುಚ್ಚಿದಳು, ಆಮೇಲೆ ಉಳಿದ ಮೂವರಿಗೆ. ಐದನೇ ಪಾಲು ಬಾಟ್ಲಿಯಲ್ಲೇ ಉಳಿಯಿತು.

ಎಲ್ಲ ಮುಗಿದ ಮೇಲೆ ರಿಜಿಸ್ಟರ್ ಬಿಡಿಸಿ ಕೂತಳು. ಐದನೇ ಸಾಲಿನಲ್ಲಿ ಹೆಸರು, ವಯಸ್ಸು, ಊರು ಬರೆದಾಯಿತು. ಅಲ್ಲಿ ಪೆನ್ನು ನಿಂತಿತು.

“ಈ ಕಾಲಂ ಖಾಲಿ ಬಿಡಂಗಿಲ್ಲ ಅಜ್ಜಿ,” ಅಂದಳು, ತಲೆ ಎತ್ತದೆ. “ಕಚ್ಚಿದ ನಾಯಿ ಸಾಕಿದ್ದೋ, ಬೀದೀದೋ?”

“ಬೀದೀದು ಅಂತ ಬರ್ಕಳ್ರಿ,” ಅಂದಳು ಮಾಸ್ತಮ್ಮ. “ಬೆಳಗ್ಗಿಂದ ನಿಮ್ಮ ಬಾಗ್ಲಾಗೇ ಬಿದ್ಕಂಡಿತ್ತಲ್ಲ.”