ಗುರುವಾರ ಅಪ್ಪ ಬರಬೇಕು

"ಕೂತು ದುಡೀತೀಯಾ? ಎಂಥ ಕೆಲಸವೋ ಅದು?"

ನಾಗಪತಿ ಹೆಗಡೆಯವರ ದನಿಗೆ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಶಿರಸಿಯ ಆ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವ ಮೇಷ್ಟ್ರು ಅವರು. ಎದುರಿಗೆ ನಿಂತವನು ಬಿ.ಕಾಂ. ಕೊನೆಯ ವರ್ಷದ ಶಶಾಂಕ. ಅವನ ಹಾಜರಿ ಸಾಲದು. ಹೆಗಡೆಯವರು ಸಹಿ ಹಾಕದಿದ್ದರೆ ಹಾಲ್ ಟಿಕೆಟ್ ಇಲ್ಲ. ಅದಿಲ್ಲದಿದ್ದರೆ ಇಡೀ ವರ್ಷ ನೀರಿನಲ್ಲಿ ಹೋಮ.

"ಕೂತ್ಕೊಳ್ಳೂದೇ ಕೆಲಸ ಸರ್."

"ಎಷ್ಟು ಜನ ಕೂರ್ತೀರಿ?"

"ಒಂದೊಂದು ಕಡೆ ಇಬ್ರು, ಒಂದೊಂದು ಕಡೆ ಮೂರು ಜನ."

"ಏಳುವಾಗ ಜೇಬಲ್ಲಿ ದುಡ್ಡು!"

"ಹೌದು ಸರ್. ಫೀ ಅದರಲ್ಲೇ ಕಟ್ಟಿದ್ದು."

ಅಬ್ಬಾ, ಹುಡುಗನ ಧೈರ್ಯವೇ! ಇಸ್ಪೀಟು ಎಂಬ ಶಬ್ದವೊಂದನ್ನು ಬಿಟ್ಟು ಮತ್ತೆಲ್ಲವನ್ನೂ ಒಪ್ಪಿಕೊಂಡಂತಾಯಿತು. ಹಾಸ್ಟೆಲಿನಲ್ಲಿ ಅವನ ಜೊತೆಗಿರುವ ನಂದನ ಮೊದಲೇ ಸುಳಿವು ಕೊಟ್ಟಿದ್ದ. ಹೋಗುವ ಹಿಂದಿನ ರಾತ್ರಿ ಶಶಾಂಕ ಊಟ ಮುಟ್ಟುವುದಿಲ್ಲವಂತೆ. ಮರುದಿನ ಸಂಜೆ ಹೊಟ್ಟೆ ತುಂಬಿಸಿಕೊಂಡು ಬಂದು, ಬಾಡಿದ ಮುಖದಲ್ಲೇ ಪುಸ್ತಕ ಹಿಡಿಯುತ್ತಾನಂತೆ. ಗಣೇಶ ಚವತಿ ಕಳೆದ ಮೇಲೆ ಹದಿನೈದು ದಿನ ಕ್ಲಾಸಿನಲ್ಲಿ ಪತ್ತೆಯೇ ಇರಲಿಲ್ಲ. ಚವತಿಯಲ್ಲಿ ಇಸ್ಪೀಟಿನ ಎಲೆ ಹಿಡಿದವನಿಗೆ ಬಿಡಲಾಗಲಿಲ್ಲ, ಅಷ್ಟೇ ಎಂದು ಹೆಗಡೆಯವರು ಲೆಕ್ಕ ಮುಗಿಸಿದ್ದರು. ಆ ಹದಿನೈದು ದಿನಗಳಲ್ಲಿ ಒಂದು ದಿನ ಅವರೂ ರಜೆ ಹಾಕಿದ್ದರು, ಅದು ಬೇರೆ ಮಾತು.

"ಎಲ್ಲಿ, ಯಾರ ಮನೇಲಿ ಕೂರ್ತೀಯ ಹೇಳು."

ಶಶಾಂಕ ಸುತ್ತ ನೋಡಿದ. ಅವನಿಗೆ ಅಳು ಒತ್ತಿ ಬರುತ್ತಿತ್ತು. "ಇಲ್ಲಿ ಹೇಳಿದ್ರೆ ಎಲ್ಲ ನಗಾಡ್ತಾರೆ ಸರ್. ಆರು ಪೇಪರನ್ನೂ ಬಸ್ಸಲ್ಲೇ ಕೂತು ಓದಿದ್ದೇನೆ. ಈ ಸಲ ಪರೀಕ್ಷೆಗೆ ಬಿಡದಿದ್ರೆ ಇನ್ನೊಂದು ವರ್ಷದ ಫೀ ಕಟ್ಟೂದು ನನ್ನ ಕೈಲಿ ಆಗೂದಿಲ್ಲ. ಕಾಲೇಜೇ ಬಿಡಬೇಕು."

"ಅದನ್ನೆಲ್ಲ ನಿನ್ನ ಅಪ್ಪನ ಎದುರು ಮಾತಾಡೋಣ. ಕರೆದುಕೊಂಡು ಬಾ."

"ಅಪ್ಪ ಸೊಂಟ ಮುರಿದು ಮಲಗಿದಾರೆ ಸರ್."

"ಪರೀಕ್ಷೆ ಬಂತು ಅಂದ್ರೆ ಎಲ್ಲರ ಅಪ್ಪನೂ ಮಲಗ್ತಾರೆ! ಗುರುವಾರ ಅಪ್ಪ ನನ್ನ ಎದುರಿಗಿರಬೇಕು. ಇಲ್ಲದಿದ್ರೆ ಸಹಿ ಇಲ್ಲ."

"ಗುರುವಾರ... ಒಂದು ಕಡೆ ಒಪ್ಪಿಕೊಂಡಾಗಿದೆ ಸರ್."

ಹೆಗಡೆಯವರಿಗೆ ಮೈಯೆಲ್ಲ ಉರಿಯಿತು. ಹುಡುಗ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಬಸ್ಸಿನ ಬಾಗಿಲಿಗೆ ಸಿಕ್ಕಿದ್ದಿರಬೇಕು. ಹೆಗಡೆಯವರು ಅದನ್ನೂ ನೋಡಿದರು, ಕರಗಲಿಲ್ಲ.

"ಹೋಗು. ಕೂತ್ಕೋ ಹೋಗು."

ಮನೆಗೆ ಬಂದರೆ ಹೆಂಡತಿ ಪರಿಮಳಾ ಪಂಚಾಂಗ ಹಿಡಿದು ನಿಂತಿದ್ದಳು. "ಗುರುವಾರ ಮಾವನ ತಿಥಿ. ನೆನಪಿದ್ದಾ ಇಲ್ಯಾ?"

ಹೆಗಡೆಯವರು ನಾಲಿಗೆ ಕಚ್ಚಿಕೊಂಡರು. ಅಪ್ಪನ ತಿಥಿ ಪ್ರತಿವರ್ಷ ಬೇರೆ ತಾರೀಕಿಗೆ ಬೀಳುತ್ತದೆ, ಮರೆತೇಹೋಗಿತ್ತು. ಹೋಗಲಿ, ಹೇಗೂ ಆ ಹುಡುಗ ಬರುವವನಲ್ಲ. ಪುರೋಹಿತ ದಿನಕರ ಭಟ್ಟರಿಗೆ ಫೋನು ಮಾಡಿದರು. ಅವರು ಎಂದೋ ಎಲ್ಲ ಏರ್ಪಾಡು ಮಾಡಿಟ್ಟಿದ್ದರು.

ಗುರುವಾರ ಮಧ್ಯಾಹ್ನ ಹೆಗಡೆಯವರು ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ತಂಬಿಗೆ ಹಿಡಿದು ಹಿತ್ತಲಿನಿಂದ ಅಂಗಳಕ್ಕೆ ಬಂದರು. ಅಪ್ಪನ ನೆನಪಿನಲ್ಲಿ ತಲೆಯೆತ್ತಲಿಲ್ಲ. ಭಟ್ಟರ ಬಾಯಿ ಮಾತ್ರ ನಿಂತಿರಲಿಲ್ಲ.

"ಶ್ರಾದ್ಧಕ್ಕೆ ಬ್ರಾಹ್ಮಣಾರ್ಥ ಕೂತ್ಕಂಬವು ಈಗ ಎಲ್ಲಿ ಸಿಕ್ತ? ಈ ಮಾಣಿ ಒಬ್ಬ ಇದ್ದ ಹೇಳಿ ಆತು. ಹಿಂದಿನ ರಾತ್ರಿ ಉಪಾಸ ಇರ್ತ. ಪಿತೃಪಕ್ಷದಲ್ಲಿ ಹದಿನೈದು ದಿನವೂ ಒಂದೊಂದು ಮನೆ. ದಕ್ಷಿಣೆಯಲ್ಲೇ ಓದ್ತಾ ಇದ್ದ, ಪಾಪ."

ಹೆಗಡೆಯವರು ಮಣೆಯ ಮುಂದೆ ಮಂಡಿಯೂರಿ, ಅದರ ಮೇಲಿದ್ದವನ ಕಾಲಿಗೆ ನೀರು ಹೊಯ್ದರು. ಗಂಧ ಹಚ್ಚಲು ಬಲಗಾಲು ಹಿಡಿದರು. ಹೆಬ್ಬೆರಳಿನ ಉಗುರು ಕಪ್ಪಗಿತ್ತು.

"ಸರ್... ನಿಮ್ಮನೆ ಅಂತ ಗೊತ್ತಿರಲಿಲ್ಲ ಸರ್," ಮೇಲಿನಿಂದ ಸಣ್ಣ ದನಿ ಬಂತು. ಕಾಲು ಹಿಂದೆ ಸರಿಯಲು ನೋಡಿತು. ಹೆಗಡೆಯವರು ಬಿಡಲಿಲ್ಲ. ನಾಚಿಕೆಯಿಂದ ಅವರಿಗೆ ಮುಖವೆತ್ತಲು ಆಗಲಿಲ್ಲ.

"ಎಂತ ಆತು ನಾಗಪತಿ?" ಭಟ್ಟರು ಅವಸರ ಮಾಡಿದರು. "ಸರೀ ಕಾಲು ಹಿಡಿ. ಅಪ್ಪನ ಜಾಗದಲ್ಲಿ ಕೂತವ ಅವ."

ಗುರುವಾರ, ಹೇಳಿದ ಹಾಗೆಯೇ, ಅಪ್ಪ ಎದುರಿಗಿದ್ದ.