ಬಿನ್ನಿಪೇಟೆಯ ನೀರು

"ಆ ಮೀನಿನ ನೀರು ಒಳಗೆ ಬರಕೂಡದು," ಎಂದು ಗಂಗಲಕ್ಷ್ಮಮ್ಮ ವಿಜಯನಗರದ ಹೊಸ ಮನೆಯ ಹೊಸ್ತಿಲಿಗೆ ಅಡ್ಡ ನಿಂತರು. "ಹಳೇ ಪೊರಕೆ, ಹಳೇ ನೀರು ಹೊಸ ಮನೆಗೆ ತರಬಾರದು ಅಂತ ಗೊತ್ತಿಲ್ವೇನೇ? ಮೋರಿಗೆ ಚೆಲ್ಲು. ಒಳಗೆ ನಲ್ಲಿ ಇದೆ."

ಸೊಸೆ ಪ್ರಭಾ ಕೊಳಗವನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಗಾಜಿನ ತೊಟ್ಟಿಯನ್ನು ಬರಿದು ಮಾಡಿ ಲಾರಿಗೆ ಹಾಕಿದ್ದರು. ಅದರ ಹಸಿರು ನೀರು, ಬೇರುಸಹಿತ ಕಿತ್ತ ಗಿಡಗಳು, ಅವುಗಳ ನಡುವೆ ಮೀನುಗಳು, ಎಲ್ಲವೂ ಈ ಕೊಳಗದಲ್ಲಿದ್ದವು. ಬಿನ್ನಿಪೇಟೆಯ ಹಳೇ ಮನೆಯಿಂದ ಇಲ್ಲಿಯವರೆಗೆ ಅವಳು ಅದನ್ನು ಮಡಿಲಿನಿಂದ ಇಳಿಸಿರಲಿಲ್ಲ. "ಬರೀ ನಲ್ಲಿ ನೀರಿಗೆ ಬಿಟ್ರೆ ಎಲ್ಲಾ ಸತ್ತು ತೇಲ್ತವೆ ಅತ್ತೆ. ಹೋದ ವರ್ಷ ನೀವು ತೊಟ್ಟಿ ತೊಳೆದಾಗ ನೋಡಿದ್ರಲ್ಲ."

"ಮೀನಿಗೇನು ಬರ? ಇನ್ನೆರಡು ತಂದ್ರಾಯ್ತು."

ಪ್ರಭಾ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆಯ ಕಂಕುಳಲ್ಲಿ ತುಳಸಿ ಗಿಡವಿತ್ತು. ಬುಡಕ್ಕೆ ಸುತ್ತಿದ್ದ ಒದ್ದೆ ಬಟ್ಟೆಯ ಅಂಚಿನಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು. "ಇಲ್ಲೂ ಮಣ್ಣಿದೆಯಲ್ಲ ಅತ್ತೆ. ನಿಮ್ಮ ತುಳಸಮ್ಮನಿಗೆ ಮಾತ್ರ ಬಿನ್ನಿಪೇಟೆ ಮಣ್ಣು ಯಾಕೆ ತಂದ್ರಿ? ಮೊದಲು ಅದನ್ನ ಮೋರಿಗೆ ಉದುರಿಸಿ ಬನ್ನಿ, ಆಮೇಲೆ ನಾನು ಚೆಲ್ತೀನಿ."

ಗಂಗಲಕ್ಷ್ಮಮ್ಮನ ನಾಲಿಗೆಯ ತುದಿಗೆ ಬೈಗುಳ ಬಂತು. ಆದರೆ ಅವರ ಕೈ ತನ್ನಷ್ಟಕ್ಕೇ ಆ ಒದ್ದೆ ಗಂಟನ್ನು ಬಿಗಿಹಿಡಿದಿತ್ತು, ಒಂದು ಚಿಟಿಕೆ ಮಣ್ಣೂ ಬೀಳದ ಹಾಗೆ. ತಮ್ಮ ಕೈಯನ್ನು ತಾವೇ ನೋಡಿಕೊಂಡು ಅವರು ಪಕ್ಕಕ್ಕೆ ಸರಿದರು.

"ಬಾಯಿ ಜೋರಾಯ್ತು ನಿಂದು," ಎಂದರು. "ಬಲಗಾಲಿಟ್ಟು ಬಾ. ನೀರು ತುಳುಕಿಸಬೇಡ."