ಪಥ್ಯದ ತಟ್ಟೆ

ದೊಡ್ಡಮ್ಮ ಬಾಣಲೆಯನ್ನೇ ಊಟದ ಮೇಜಿಗೆ ತಂದು, ಕರಿದ ಮೀನಿನ ದೊಡ್ಡ ತುಂಡೊಂದನ್ನು ಲಿಫ್ಟ್ ಮೆಕ್ಯಾನಿಕ್‌ನ ತಟ್ಟೆಗೆ ಹಾಕಲು ಹೋದಳು. ಅವನು ತಟ್ಟೆಗೆ ಅಂಗೈ ಅಡ್ಡ ಹಿಡಿದ. ಎಣ್ಣೆ ಬೆರಳಿನ ಮೇಲೆ ತೊಟ್ಟಿಕ್ಕಿತು.

"ಬೇಡ ದೊಡ್ಡಮ್ಮ. ನಂಗೆ ದಿನಾ ಕೊಡೋದೇ ಕೊಡಿ, ಸಾಕು."

"ಕೈ ತೆಗಿ, ಸುಟ್ಕೊಳ್ತೀಯ. ನಿಂಗೆ ಇನ್ನೆಂಥ ಪಥ್ಯ? ಇವತ್ತಿಗೆ ಮುಗೀತಲ್ಲ."

ದಿನಾ ಅವನಿಗೆ ಕೊಡುತ್ತಿದ್ದುದು ಇವತ್ತು ಎದುರುಗಡೆ ಕೂತವನ ಮುಂದಿತ್ತು. ಬೇಯಿಸಿದ ಕ್ಯಾರೆಟ್, ಬೀನ್ಸ್, ಉಪ್ಪು ಹಾಕಿದೆಯೋ ಇಲ್ಲವೋ ಎಂದು ಅನುಮಾನ ಬರುವಂಥ ಕಾಳು. ಕೂತವನು ದೊಡ್ಡಮ್ಮನ ಸೊಸೆಯ ತಮ್ಮ, ಸಂಜೆಯಷ್ಟೇ ಸೂಟ್‌ಕೇಸ್ ಹಿಡಿದು ಬಂದವನು. ತರಕಾರಿಯನ್ನು ಚಮಚದಲ್ಲಿ ಅತ್ತ ಇತ್ತ ತಳ್ಳುತ್ತ ಬಾಣಲೆಯ ಕಡೆ ಕಣ್ಣು ಹಾಯಿಸುತ್ತಿದ್ದ.

ಆಸ್ಪತ್ರೆಯಲ್ಲಿ ಮಲಗಿರುವ ದೊಡ್ಡಮ್ಮನ ಮಗನಿಗೆ ಯಾರಾದರೂ ಲಿವರ್‌ನ ಒಂದು ಭಾಗ ಕೊಡಬೇಕಿತ್ತು. ಹತ್ತಿರದ ನೆಂಟರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ತಾಪತ್ರಯ ಎದುರಾದಾಗ, ಮಗನ ಮದುವೆಗೂ ಕರೆಯದಿದ್ದ ಈ ಮೈದುನನ ಮಗ, ಲಿಫ್ಟ್ ಮೆಕ್ಯಾನಿಕ್, ಅವಳಿಗೆ ನೆನಪಾದ. ಅವನು ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ರಕ್ತ ಹೊಂದಿತು. ಆದರೆ ಲಿವರ್‌ನಲ್ಲಿ ಕೊಬ್ಬಿದೆ, ಇಳಿಸಿಕೊಂಡು ಬರಲಿ ಎಂದರು ಡಾಕ್ಟರ್. ಬೇರೆಲ್ಲೂ ಕೊಬ್ಬು ಬೆಳೆಸಿಕೊಳ್ಳುವಷ್ಟು ಅನುಕೂಲ ಅವನಿಗೆಂದೂ ಇರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಓಡಾಡಿ ಲಿಫ್ಟ್ ರಿಪೇರಿ ಮಾಡುವವನು, ಸಿಕ್ಕ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಿನ್ನುವವನು. ಅಂಥವನ ಪಥ್ಯವನ್ನು ನಂಬುವುದು ಹೇಗೆ? ದೊಡ್ಡಮ್ಮ ಅವನನ್ನು ಮನೆಗೇ ತಂದಿಟ್ಟುಕೊಂಡಳು.

ಇಟ್ಟುಕೊಂಡದ್ದು ಅಂಗೈಯಲ್ಲಿ. ಮಹಡಿಯ ಮೇಲೊಂದು ರೂಮು, ಕೆಲಸಕ್ಕೆ ಹೋಗುವಾಗ ಕೈಗೆ ಊಟದ ಡಬ್ಬಿ, ಬರುವಷ್ಟರಲ್ಲಿ ಬಿಸಿನೀರು. ದಾರಿಯಲ್ಲಿ ಏನಾದರೂ ತಿಂದು ಬಂದನೇ ಎಂದು ಬಾಯಿ ಮೂಸಿ ನೋಡುವುದೊಂದು ಬಾಕಿ. ಮಲಗುವ ಮುಂಚೆ ಬಾಗಿಲಿಗೆ ಬಂದು, "ಹೊಟ್ಟೆ ತುಂಬ್ತೇನಪ್ಪ? ಸಂಕಟ ಗಿಂಕಟ ಏನೂ ಇಲ್ವಲ್ಲ?" ಎಂದು ಕೇಳದೆ ಅವಳು ದೀಪ ಆರಿಸುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಹಾಗೆ ಕೇಳಿದವರೇ ಇರಲಿಲ್ಲ. ಮೊದಮೊದಲು ಮೂಗು ಹಿಡಿದು ನುಂಗುತ್ತಿದ್ದ ತರಕಾರಿ ಬರಬರುತ್ತ ರುಚಿಸತೊಡಗಿತು. ಮೈ ಹಗುರಾಯಿತು. ಲಿಫ್ಟ್ ಕೆಟ್ಟಿದೆ ಎಂದು ಕರೆಸಿದವರು ಅವನನ್ನು ಮೆಟ್ಟಿಲು ಹತ್ತಿಸುವುದು ಇದ್ದದ್ದೇ. ಈಗ ಮೇಲಿನ ಮೋಟಾರ್ ರೂಮಿನವರೆಗೂ ಏದುಸಿರಿಲ್ಲದೆ ಹತ್ತುತ್ತಿದ್ದ. ದೊಡ್ಡಮ್ಮನಿಗೆ ತಾನೂ ಒಬ್ಬ ಮಗನಾದೆ ಎಂದು ಒಳಗೊಳಗೇ ನಂಬಿಬಿಟ್ಟಿದ್ದ, ಪಾಪ.

ಇವತ್ತು ಬೆಳಿಗ್ಗೆ ಡಾಕ್ಟರ್ ಕೊನೆಯ ಸ್ಕ್ಯಾನ್ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದರು. ಕೊಬ್ಬೇನೋ ಇಳಿದಿತ್ತು. ಆದರೆ ಒಳಗಿನ ರಕ್ತನಾಳಗಳು ಕವಲೊಡೆದಿರುವ ರೀತಿಗೆ ಕತ್ತರಿಸಿ ಜೋಡಿಸುವಂತಿರಲಿಲ್ಲ. ಅವನಿಗೆ ತಪ್ಪು ಮಾಡಿ ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. "ಬೇಜಾರ್ ಮಾಡ್ಕೋಬೇಡಿ. ಆದ್ರೆ ಈ ಊಟದ ಕ್ರಮ ಬಿಡ್ಬೇಡಿ. ಹಳೇ ಚಾಳಿಗೆ ಬಿದ್ರೆ ಮುಂದೆ ನೀವೇ ಇಲ್ಲಿ ಬಂದು ಮಲಗ್ತೀರಿ," ಎಂದು ಡಾಕ್ಟರ್ ಅವನ ಭುಜ ತಟ್ಟಿದರು. ಪಕ್ಕದಲ್ಲೇ ಇದ್ದ ದೊಡ್ಡಮ್ಮ ಆಗಲೇ ಸೊಸೆಯ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ಅವನದೂ ಅದೇ ರಕ್ತದ ಗುಂಪು.

ಸಂಜೆ ಕೆಲಸ ಮುಗಿಸಿ ಬಂದಾಗ ಮೆಕ್ಯಾನಿಕ್‌ನ ಬ್ಯಾಗು ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿತ್ತು. ಬಟ್ಟೆಗಳನ್ನು ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು. ರೂಮು ಬದಲಾಯಿಸಿರಬೇಕು ಎಂದುಕೊಂಡು ಕೈತೊಳೆದು ಊಟಕ್ಕೆ ಕೂತಿದ್ದ.

"ಸ್ವಲ್ಪ ತರಕಾರಿ ಮಿಕ್ಕಿದ್ರೂ ಸಾಕು ದೊಡ್ಡಮ್ಮ," ಎಂದ.

"ಅದು ಇವನಿಗೆ ಅಂತ ಅಳತೆ ನೋಡಿ ಬೇಯ್ಸಿದ್ದು ಕಣೋ. ಮಿಗೋದೆಲ್ಲಿ?" ದೊಡ್ಡಮ್ಮನಿಗೆ ನಿಜಕ್ಕೂ ಬೇಸರವಾಗಿತ್ತು. "ಪಾಪ, ಇಷ್ಟು ದಿನ ಬಾಯಿ ಕಟ್ಟಿದ್ದಾನೆ ಅಂತ ನಿಂಗೋಸ್ಕರಾನೇ ಮೀನು ತರಿಸ್ದೆ. ನಾಳೆ ಹೊರಡೋನು, ಇವತ್ತಾದ್ರೂ ಸಂಕೋಚ ಬಿಟ್ಟು ತಿನ್ನು."

ನಾಳೆ ತಾನು ಹೊರಡುವವನೆಂದು ಅವನಿಗೆ ಆಗಲೇ ಗೊತ್ತಾದದ್ದು. ಎದುರಿನವನು ತಲೆ ತಗ್ಗಿಸಿ ಬೀನ್ಸ್ ಅಗಿಯತೊಡಗಿದ. ಮೆಕ್ಯಾನಿಕ್‌ನ ಅಂಗೈ ಮಾತ್ರ ತಟ್ಟೆಯ ಮೇಲಿಂದ ಕದಲಲಿಲ್ಲ.

"ಪಥ್ಯ ಬಿಡ್ಬೇಡಿ ಅಂದ್ರಲ್ಲ ಡಾಕ್ಟ್ರು. ನೀವೂ ಅಲ್ಲೇ ಇದ್ರಿ. ನನ್ ಲಿವರ್ ಮತ್ತೆ ಹಾಳಾದ್ರೆ..."

ದೊಡ್ಡಮ್ಮ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೀನು ಬಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ.

"ಅಯ್ಯೋ ಮಂಕೆ, ನಿನ್ ಲಿವರ್ ಇನ್ ಯಾರಿಗೆ ಬೇಕೋ?"